ಇಡ್ಲಿ ತಟ್ಟೆಯಲ್ಲಿ ಸೈಕಲಿನ ಮೋಟಾರು

ಇನ್ನೊಬ್ಬರ ಸೈಕಲಿನ ಮೋಟಾರು ಬಿಚ್ಚುವವನು, ಅದನ್ನು ಓಡಿಸಿ ಹಾಳು ಮಾಡಿದವನು ತಾನೇ ಎಂದು ಮೊದಲು ಒಪ್ಪಿಕೊಳ್ಳಬೇಕು. ನಾನು ಒಪ್ಪಿಕೊಳ್ಳದೆಯೇ ಬಿಚ್ಚಿದೆ. ಉಗುರಿನ ಸಂದಿಗೆ ಸೇರಿದ ಗ್ರೀಸು ಮೂರು ವಾರವಾದರೂ ಹೋಗಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದೆ, ಸೀಮೆಎಣ್ಣೆ ಹಾಕಿ ತಿಕ್ಕಿದೆ, ಕೊನೆಗೆ ಹಿಂಡಿ ಬಿಸಾಡಿದ ಲಿಂಬೆಯ ಸಿಪ್ಪೆಯನ್ನೂ ಬಿಡಲಿಲ್ಲ. ಮೊನ್ನೆ ಒಂದು ಮದುವೆಯ ಊಟದಲ್ಲಿ ಪಕ್ಕದವರು ನನ್ನ ಬೆರಳುಗಳನ್ನು ನೋಡಿ ತಮ್ಮ ಎಲೆಯನ್ನು ಸ್ವಲ್ಪ ಆಚೆ ಸರಿಸಿಕೊಂಡರು. ಅವರ ತಪ್ಪೇನೂ ಇಲ್ಲ.

ನಾನು ಮೂವತ್ತು ವರ್ಷ ಹೋಟೆಲು ನಡೆಸಿದವನು. ಹೋಟೆಲು ನಡೆಸುವುದೆಂದರೆ ಜನ ತಿಳಿದಂತೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಗಂಟೆ ಬಾರಿಸುವುದಲ್ಲ, ಬೆಳಗಿನ ಐದು ಗಂಟೆಗೆ ಕೈಕೊಡುವ ಗ್ರೈಂಡರಿನ ಜೊತೆ ಹೊಡೆದಾಡುವುದು. ಮೆಕ್ಯಾನಿಕ್ ಬರುವುದು ಹತ್ತಕ್ಕೆ, ಗಿರಾಕಿ ಬರುವುದು ಆರಕ್ಕೆ. ಹೀಗಾಗಿ ನಾನೇ ಬಿಚ್ಚಲು ಕಲಿತೆ. ಬಿಚ್ಚುವುದು ಸುಲಭ, ಜೋಡಿಸುವುದರಲ್ಲೇ ಮನುಷ್ಯನ ಯೋಗ್ಯತೆ ತಿಳಿಯುವುದು. ಅದಕ್ಕಾಗಿ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಹಳೆಯ ಇಡ್ಲಿ ತಟ್ಟೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಬಿಚ್ಚಿದ ಸ್ಕ್ರೂಗಳನ್ನು ಕ್ರಮವಾಗಿ ಒಂದೊಂದು ಗುಳಿಯಲ್ಲಿ ಹಾಕುವುದು. ಕೊನೆಯ ಗುಳಿಯಿಂದ ಹಿಂದಕ್ಕೆ ಬಂದರೆ ಯಂತ್ರ ತಾನಾಗಿ ಕೂಡಿಕೊಳ್ಳುತ್ತದೆ. ಹೋಟೆಲು ಕೊಟ್ಟು ಬಿಟ್ಟಾಗ ಪಾತ್ರೆ, ಬೆಂಚು, ಹೆಸರು ಎಲ್ಲವನ್ನೂ ಬಿಟ್ಟುಬಂದೆ. ಆ ತಟ್ಟೆಯೊಂದನ್ನು ಮಾತ್ರ ಮಂಗಳೂರಿನ ಬಿಕರ್ನಕಟ್ಟೆಯ ಮನೆಗೆ ತಂದೆ. ನನ್ನ ಹೆಂಡತಿ ಸುಮತಿಗೆ ಅದು ಇಡ್ಲಿ ತಟ್ಟೆಯೂ ಅಲ್ಲ, ಹತ್ಯಾರವೂ ಅಲ್ಲ, ಅಡುಗೆಮನೆಯಲ್ಲಿ ಜಾಗ ತಿನ್ನುವ ಒಂದು ಅನಿಷ್ಟ.

ಈ ಉಪಾಯವನ್ನು ನಾನು ಹೇಳಿಕೊಟ್ಟದ್ದು ಒಬ್ಬನಿಗೆ ಮಾತ್ರ, ನನ್ನ ತಂಗಿ ಶಶಿಕಲಾಳ ಮಗ ನಿಶಾಂತನಿಗೆ. ಸೈಕಲು ಅವನದೇ.

ಆ ಸೈಕಲಿನ ಬಗ್ಗೆ ಎರಡು ಮಾತು ಹೇಳಬೇಕು. ಗುಡ್ಡ ಹತ್ತುವವರಿಗೆಂದು ಮಾಡಿದ್ದು. ಟಯರು ಹೆಬ್ಬಾವಿನಷ್ಟು ದಪ್ಪ, ಪೆಡಲುಗಳ ನಡುವೆ ತೆಂಗಿನಕಾಯಿಯಷ್ಟು ದೊಡ್ಡ ಮೋಟಾರು. ತುಳಿದರೆ ಮಾತ್ರ ಅದು ಕೈಜೋಡಿಸುತ್ತದೆ. ಸುಮ್ಮನೆ ಕುಳಿತವನನ್ನು ಒಂದು ಅಂಗುಲವೂ ಮುಂದಕ್ಕೆ ಒಯ್ಯುವುದಿಲ್ಲ. ನನ್ನ ಪರಿಚಯದ ಯಾವ ದೇವರಿಗೂ ಇಷ್ಟು ಕಟ್ಟುನಿಟ್ಟಿಲ್ಲ.

ಅದು ನನ್ನ ಮನೆಗೆ ಬಂದ ಬಗೆಯನ್ನೂ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ತೊಕ್ಕೊಟ್ಟಿನಿಂದ ಒಳಗೆ ನಮ್ಮ ಕುಟುಂಬದ ಮನೆ ಇದೆ. ಅಲ್ಲಿ ವರ್ಷಕ್ಕೊಮ್ಮೆ ಮನೆಯ ದೈವಗಳಿಗೆ ತಂಬಿಲ ಸೇವೆ. ಹಿರಿಯ ಗಂಡಸೆಂಬ ಕಾರಣಕ್ಕೆ ಅಲ್ಲಿ ನಾನು ಯಜಮಾನ. ಹೋಟೆಲಿನಲ್ಲಿ ಸಪ್ಲಾಯರೂ ಕೇಳದಿದ್ದ ನನ್ನ ಮಾತನ್ನು ಅಲ್ಲಿ ನಲವತ್ತು ಜನ ತಲೆಬಾಗಿಸಿ ಕೇಳುತ್ತಾರೆ. ಇಂಥ ಕಡೆ ಮನುಷ್ಯನಿಗೆ ಬೇಗ ತಲೆ ತಿರುಗುತ್ತದೆ. ಎರಡು ವರ್ಷದ ಹಿಂದಿನ ತಂಬಿಲಕ್ಕೆ ನಿಶಾಂತ ಫಳ್ನೀರಿನ ತನ್ನ ಮನೆಯಿಂದ ಅಲ್ಲಿಗೆ ಸೈಕಲಿನಲ್ಲೇ ಬಂದ. ಅರ್ಧ ಗಂಟೆ ತಡ, ಮೊಣಕಾಲಿನವರೆಗೆ ಕೆಸರು, ಮೈಗೆ ಅಂಟುವ ಚಡ್ಡಿ. ಪ್ರಸಾದ ಹಂಚುವ ಹೊತ್ತು. ನಲವತ್ತು ಜನರ ಎದುರು ನಾನು ಹೇಳಿದೆ: "ಇಲ್ಲಿ ನಿಲ್ಲುವ ಕ್ರಮ ಗೊತ್ತಿಲ್ಲದಿದ್ರೆ ನಿನ್ನ ಅಪ್ಪನ ಮನೆಗೆ ಹೋಗಿ ನಿಲ್ಲು."

ಬೇರೆ ಊರಿನವರಿಗೆ ಇದು ಸಾಧಾರಣ ಬೈಗುಳದಂತೆ ಕೇಳಿಸೀತು. ಅಪ್ಪನ ಮನೆಗೆ ಹೋಗು ಎಂದರೆ ತಪ್ಪೇನು? ಆದರೆ ನಮ್ಮದು ಅಳಿಯಸಂತಾನದ ಕುಟುಂಬ. ಮಕ್ಕಳು ತಾಯಿಯ ಮನೆಯವರು. ಅಪ್ಪನ ಕುಟುಂಬದ ಮನೆಯಲ್ಲಿ ಅವರು ನೆಂಟರು, ಸೋದರಮಾವನ ಮನೆಯಲ್ಲಿ ಹಕ್ಕುದಾರರು. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಆದರೆ ದೈವದ ಮುಂದೆ ನಿಲ್ಲುವ ಸಾಲು ಬದಲಾಗಿಲ್ಲ. ಸೋದರಮಾವ ಅಳಿಯನಿಗೆ ಅಪ್ಪನ ಮನೆ ತೋರಿಸುವುದೆಂದರೆ ನಿನಗೆ ಮನೆಯೇ ಇಲ್ಲ ಎಂದ ಹಾಗೆ. ಅದರಲ್ಲೂ ನಿಶಾಂತನ ಅಪ್ಪ ಇವನಿಗೆ ನಾಲ್ಕು ವರ್ಷವಾಗಿದ್ದಾಗ ಮುಂಬಯಿಗೆ ಹೋದವರು, ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದವರು. ಆ ಮನೆಯ ಬಾಗಿಲು ಯಾವ ದಿಕ್ಕಿಗಿದೆಯೆಂದೂ ಇವನಿಗೆ ಗೊತ್ತಿಲ್ಲ. ಇವನು ಆಡಿ ಬೆಳೆದದ್ದು ನನ್ನ ಹೋಟೆಲಿನ ಅಡುಗೆಮನೆಯಲ್ಲಿ, ಹಿಟ್ಟಿನ ಚೀಲಗಳ ಮೇಲೆ.

ಅಳಿಯಸಂತಾನ ಹೇಗೆ ಬಂತೆಂಬುದಕ್ಕೆ ನಮ್ಮ ಹಿರಿಯರು ಒಂದು ಕಥೆ ಹೇಳುತ್ತಿದ್ದರು. ಒಬ್ಬ ದೊರೆಯ ಹಡಗು ಹೊರಡಬೇಕಾದರೆ ಅವನದೇ ಒಂದು ಮಗುವಿನ ಬಲಿ ಬೇಕಾಯಿತಂತೆ. ಹೆಂಡತಿ ಮಕ್ಕಳನ್ನು ಕೊಡಲಾರೆನೆಂದಳು. ತಂಗಿ ತನ್ನ ಮಗನನ್ನು ಕರೆತಂದು ನಿಲ್ಲಿಸಿದಳು. ಬಲಿ ಕೇಳಿದ ಭೂತಕ್ಕೇ ಕನಿಕರ ಹುಟ್ಟಿ ಹುಡುಗನನ್ನು ಬಿಟ್ಟುಬಿಟ್ಟಿತು, ಅಂದಿನಿಂದ ಮಾವನ ಆಸ್ತಿ ಅಳಿಯನಿಗಾಯಿತು. ಈ ಕಥೆಯನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ಗತ್ತಿನಿಂದ ಹೇಳಿದ್ದೇನೆ. ಭೂತ ಬಿಟ್ಟ ಅಳಿಯನನ್ನು ಮಾವ ಬಿಡಲಿಲ್ಲ ಎಂಬ ಭಾಗವನ್ನು ಇನ್ನು ಮುಂದೆ ಸೇರಿಸಿಕೊಳ್ಳಬಹುದು.

ನನ್ನ ಮಾತು ಕೇಳಿದ ನಿಶಾಂತ ಸೈಕಲನ್ನು ಅಂಗಳದಲ್ಲೇ ಬಿಟ್ಟು ತೊಕ್ಕೊಟ್ಟಿನವರೆಗೆ ನಡೆದು ಬಸ್ಸು ಹತ್ತಿದ. ಸಂಜೆ ನಾನು ಅದನ್ನು ಪಿಕಪ್ಪಿಗೆ ಹಾಕಿಸಿ ಬಿಕರ್ನಕಟ್ಟೆಗೆ ತಂದೆ. ಸೈಕಲಿಗಾಗಿಯಾದರೂ ಬರುತ್ತಾನೆ, ಬಂದಾಗ ಒಂದು ಲೋಟ ಕಾಫಿ ಕೊಟ್ಟರೆ ಮುಗಿಯಿತು ಎಂಬುದು ನನ್ನ ಲೆಕ್ಕಾಚಾರ. ಕ್ಷಮೆ ಕೇಳುವುದನ್ನು ನಾವು ಗಂಡಸರು ಕಾಫಿಗೆ ವಹಿಸಿ ಬಹಳ ಕಾಲವಾಯಿತು. ಅವನು ಬರಲಿಲ್ಲ.

ಮೊದಲ ತಿಂಗಳು ಅದಕ್ಕೆ ಹಳೆಯ ಸೀರೆ ಹೊದೆಸಿ ಇಟ್ಟಿದ್ದೆ. ಆಮೇಲೆ ಯಾರೋ ಹೇಳಿದರು, ಬ್ಯಾಟರಿಯನ್ನು ಸುಮ್ಮನೆ ಇಟ್ಟರೆ ಸಾಯುತ್ತದೆ ಎಂದು. ಸರಿ, ಚಾರ್ಜು ಮಾಡಿದೆ. ಚಾರ್ಜು ಮಾಡಿದ್ದು ಖಾಲಿಯಾಗಬೇಕಲ್ಲ, ಗೇಟಿನವರೆಗೆ ಓಡಿಸಿದೆ. ಗೇಟಿನಿಂದ ಬಾಲಯೇಸುವಿನ ಪುಣ್ಯಕ್ಷೇತ್ರದ ತಿರುವಿನವರೆಗೆ. ಅಲ್ಲಿಂದ ಒಂದು ದಿನ ಕುಲಶೇಖರದವರೆಗೆ. ನನ್ನ ಎರಡು ಮಂಡಿಗಳೂ ಇಪ್ಪತ್ತು ಹೆಜ್ಜೆಗೆ ಒಮ್ಮೆ ರಜೆಗೆ ಅರ್ಜಿ ಹಾಕುವಂಥವು. ಆ ಮಂಡಿಗಳನ್ನು ಹೊತ್ತುಕೊಂಡು ಮಂಗಳೂರಿನ ಏರನ್ನು ಹತ್ತುವಾಗ ಹಿಂದಿನಿಂದ ಯಾರೋ ಬೆನ್ನಿಗೆ ಅಂಗೈ ಇಟ್ಟು ದೂಡಿದ ಹಾಗಾಯಿತು. ಕಳ್ಳತನ ಹೀಗೆಯೇ ಶುರುವಾಗುವುದು, ಜೋಪಾನದ ಹೆಸರಿನಲ್ಲಿ. ದಿನಾ ಬೆಳಿಗ್ಗೆ ಹೋಗತೊಡಗಿದೆ. ತಂಗಿಗೆ ಹೇಳಲಿಲ್ಲ. ಅಳಿಯನಿಗಂತೂ ಹೇಳುವ ಪ್ರಶ್ನೆಯೇ ಇಲ್ಲ, ನಾವು ಮಾತು ಬಿಟ್ಟಿದ್ದೆವಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ಅವನ ಸ್ಕೂಟರು ಪಂಪ್‌ವೆಲ್‌ನ ಹತ್ತಿರ ಜಾರಿತು. ತೊಡೆಯ ಮೂಳೆ ಮುರಿದು, ಒಳಗೆ ರಾಡು ಹಾಕಿ, ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಮಲಗಿಸಿದರು. ಶಶಿಕಲಾ ಫೋನು ಮಾಡಿದಳು. "ಅಣ್ಣ, ನೀವು ಒಮ್ಮೆ ಬಂದು ಹೋಗಿ. ಅವನು ಎಂತ ಹೇಳದಿದ್ರೂ ನೋಡ್ತಾ ಇರ್ತಾನೆ, ಬಾಗಿಲ ಕಡೆ." ನಾನು "ನೋಡ್ತೇನೆ" ಎಂದೆ. ಸುಮತಿ ಎರಡು ಸಲ ಹೋಗಿ ಬಂದಳು. ನನಗೆ ನನ್ನ ಹಿರಿತನ ಅಡ್ಡ ಬಂತು. ಅವನೇ ಒಂದು ಮಾತು ಕರೆಯಲಿ ಎಂದುಕೊಂಡೆ. ಕಾಲು ಮುರಿದು ಮಲಗಿದವನು ನಡೆದು ಬಂದು ನನ್ನನ್ನು ಕರೆಯಬೇಕಿತ್ತು ನೋಡಿ.

ನಾಲ್ಕನೆಯ ದಿನ ಬೆಳಿಗ್ಗೆ ತಡೆಯಲಾಗದೆ ಹೊರಟೆ. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಅರ್ಧ ಡಜನ್ ಮೂಸಂಬಿ ಕೊಂಡು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಗೇಟಿನ ತನಕ ಹೋದೆ. ಆಗ ನೆನಪಾಯಿತು, ನಾನು ಬಂದದ್ದು ಅವನದೇ ಸೈಕಲಿನಲ್ಲಿ. ಅವನ ಕಿಟಕಿಯ ಕೆಳಗೆ ಅದನ್ನು ಹೇಗೆ ನಿಲ್ಲಿಸುವುದು? ಅಲ್ಲಿಂದಲೇ ತಿರುಗಿಸಿದೆ. ಮೂಸಂಬಿಯನ್ನು ಮನೆಗೆ ತಂದು ನಾನೇ ತಿಂದೆ, ಆರನ್ನೂ.

ಮೋಟಾರು ಕೆಟ್ಟದ್ದು ಈ ವರ್ಷ, ಭಕ್ತಿಯಿಂದ. ಆಯುಧಪೂಜೆಗೆ ನಮ್ಮ ಬೀದಿಯಲ್ಲಿ ತೊಳೆಯದ ಗಾಡಿಯಿಲ್ಲ. ಪಕ್ಕದ ಮನೆಯವರ ಕಾರಿಗೆ ನೀರಿನ ಪಂಪು ಹಿಡಿದಿದ್ದರು, ಹಾಗೆಯೇ ನಮ್ಮದಕ್ಕೂ ಇರಲಿ ಎಂದೆ. ಪೈಪನ್ನು ಪೆಡಲಿನ ಬುಡಕ್ಕೆ ಹಿಡಿದು, ವರ್ಷದ ಕೆಸರೆಲ್ಲ ಹೋಗುವ ಹಾಗೆ ಐದು ನಿಮಿಷ ಅಭಿಷೇಕ ಮಾಡಿಸಿ, ಗೊಂಡೆ ಹೂವಿನ ಮಾಲೆ ಹಾಕಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟೆ. ಮಾರನೆಯ ವಾರ ಅದು ಕರಕರ ಎನ್ನತೊಡಗಿತು, ತೀರಾ ಒಣ ಅವಲಕ್ಕಿ ಜಗಿದ ಹಾಗೆ. ದೀಪಾವಳಿಯ ಹೊತ್ತಿಗೆ ಏರಿನಲ್ಲಿ ನಿಂತೇಹೋಯಿತು.

ಆಗ ಬಂತು ಶಶಿಕಲಾಳ ಫೋನು. "ಅಣ್ಣ, ಬರುವ ಆದಿತ್ಯವಾರ ನಿಶಾಂತ ಬರ್ತಾನೆ, ಸೈಕಲ್ ತಕೊಂಡು ಹೋಗ್ಲಿಕ್ಕೆ. ಡಾಕ್ಟ್ರು ಸೈಕಲ್ ತುಳಿ ಅಂದಿದ್ದಾರೆ. ಮೋಟಾರ್ ಇದ್ರೆ ಕಾಲಿಗೆ ಭಾರ ಬೀಳುದಿಲ್ಲಂತೆ. ಹಾಗೇ ಉಂಟಲ್ಲ ಅದು?" ನಾನು, "ಹಾಗೇ ಉಂಟು" ಎಂದೆ.

ಆರು ದಿನ ಕೈಯಲ್ಲಿತ್ತು. ಸೈಕಲಿನ ಅಂಗಡಿಗೆ ಒಯ್ದೆ. ಅಲ್ಲಿನವರು ಕೆಳಗೆ ಬಗ್ಗಿ ನೋಡಿ, "ಇದನ್ನು ಬಿಚ್ಚಲಿಕ್ಕಿಲ್ಲ ಸಾರ್, ಇಡೀ ಮೋಟಾರೇ ಚೇಂಜ್. ಬರ್ಲಿಕ್ಕೆ ಒಂದೂವರೆ ತಿಂಗಳು. ಓನರ್ ನಂಬರ್ ಹೇಳಿ, ಅವರಿಗೆ ಓಟಿಪಿ ಬರ್ತದೆ" ಎಂದರು. ಓಟಿಪಿ ಎಂಬ ಮೂರಕ್ಷರ ಕೇಳಿ ನಾನು ಸೈಕಲನ್ನು ದೂಡಿಕೊಂಡು ಹೊರಬಂದ ವೇಗಕ್ಕೆ ಮೋಟಾರು ಬೇಕಾಗಿರಲಿಲ್ಲ.

ಮಂಗಳವಾರ ಜಗಲಿಯಲ್ಲಿ ಪೇಪರು ಹಾಸಿ, ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ, ಇಡ್ಲಿ ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತೆ. ಮೊಬೈಲಿನ ವಿಡಿಯೋದಲ್ಲಿ ಒಬ್ಬ ವಿದೇಶಿ ಇದೇ ಕೆಲಸವನ್ನು ಬಿಳಿ ಅಂಗಿ ಹಾಕಿಕೊಂಡು ಮಾಡುತ್ತಿದ್ದ. ಅವನ ಬೋಲ್ಟುಗಳು ಅವನ ಮಾತು ಕೇಳುತ್ತಿದ್ದವು. ನನ್ನವು ಸಮುದ್ರದ ಗಾಳಿ ಕುಡಿದು ಬೆಳೆದವು, ತುಕ್ಕಿನ ಹಟ. ಮೊದಲು ಬ್ಯಾಟರಿ ತೆಗೆದೆ. ಇದನ್ನು ಮರೆತರೆ ಮುಂದಿನದ್ದನ್ನು ಬೇರೆಯವರು ಬರೆಯಬೇಕಾಗುತ್ತದೆ. ಆಮೇಲೆ ಎರಡೂ ಪೆಡಲಿನ ಕೈಗಳ ಬೋಲ್ಟು ಬಿಚ್ಚಿ, ಎಳೆಯುವ ಪುಲ್ಲರನ್ನು ತಿರುಗಿಸಿ ತಿರುಗಿಸಿ ಅವನ್ನು ಹೊರತೆಗೆದೆ. ಪ್ಲಾಸ್ಟಿಕ್ಕಿನ ಮುಚ್ಚಳ. ಅದರೊಳಗೆ ಐದು ವಯರು. ಎಳೆಯುವ ಮೊದಲು ಒಂದೊಂದರ ಫೋಟೋ. ಕೊನೆಗೆ ನಾಲ್ಕು ದಪ್ಪ ಬೋಲ್ಟು. ನಾಲ್ಕನೆಯದು ಬಿಟ್ಟಾಗ ಮೋಟಾರು ಪಕ್ಕಕ್ಕೆ ವಾಲಿ ನನ್ನ ತೊಡೆಯ ಮೇಲೆ ಬಿತ್ತು, ಹಸುಗೂಸಿನಷ್ಟು ಭಾರ. ಮಗ್ಗುಲು ಮಾಡಿದರೆ ಅದರೊಳಗಿಂದ ಆಯುಧಪೂಜೆಯ ತೀರ್ಥ ಒಸರಿತು.

ಇಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಿದೆ. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹುಗಿದಿಡುತ್ತಾರಲ್ಲ, ಹಾಗೆ ಮೋಟಾರನ್ನು ಕುಚ್ಚಲಕ್ಕಿಯ ಡಬ್ಬದಲ್ಲಿ ಹುಗಿದೆ. ಬುಧವಾರ ಮಧ್ಯಾಹ್ನ ಸುಮತಿ ಅಕ್ಕಿ ತೆಗೆಯಲು ಕೈ ಹಾಕಿದಳು.

"ಎಂತ ಮಾರಾಯ್ರೆ ಇದು! ಅಕ್ಕಿಯ ಒಳಗೆ ಸೈಕಲಾ?"

"ಒಣಗ್ಲಿಕ್ಕೆ ಇಟ್ಟದ್ದು."

"ಆಸ್ಪತ್ರೆಗೆ ಒಂದು ಹೆಜ್ಜೆ ಹೋಗ್ಲಿಲ್ಲ. ಮೋಟಾರಿಗೆ ನೋಡಿ ಎಂತ ಆರೈಕೆ!"

ಅವಳು ಅಷ್ಟಕ್ಕೇ ನಿಲ್ಲಿಸಿ ಡಬ್ಬ ಮುಚ್ಚಿದಳು. ಮೂವತ್ತೈದು ವರ್ಷ ಒಟ್ಟಿಗೆ ಇದ್ದವರಿಗೆ ಎಲ್ಲಿ ನಿಲ್ಲಿಸಿದರೆ ಹೆಚ್ಚು ತಾಗುತ್ತದೆಂದು ಗೊತ್ತಿರುತ್ತದೆ.

ಗುರುವಾರ ತೆಗೆದಾಗ ಮೋಟಾರು ಒಣಗಿತ್ತು ನಿಜ, ಆದರೆ ಸಂದಿಸಂದಿಗೆ ತೌಡು ಮೆತ್ತಿಕೊಂಡಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅರ್ಧ ದಿನ ಉಜ್ಜಿದೆ. ಪಕ್ಕದ ಮುಚ್ಚಳ ತೆರೆದರೆ ಪೆಡಲಿನ ದಂಡವನ್ನು ಹಿಡಿಯುವ ಬೇರಿಂಗು ಕೆಂಪಗೆ ತುಕ್ಕು ಹಿಡಿದು ಕುಳಿತಿತ್ತು. ಉಳಿದದ್ದೆಲ್ಲ ಸರಿಯಾಗಿತ್ತು. ಇಷ್ಟು ದೊಡ್ಡ ಯಂತ್ರ ನಿಂತದ್ದು ಬಳೆಯಷ್ಟು ಅಗಲದ ಒಂದು ವಸ್ತುವಿನಿಂದ. ಶುಕ್ರವಾರ ಬಂದರಿನ ಅಂಗಡಿಯಲ್ಲಿ ಅದೇ ನಂಬರಿನ ಬೇರಿಂಗೂ ರಬ್ಬರಿನ ಸೀಲೂ ಸಿಕ್ಕಿದವು. ಹಿತ್ತಾಳೆಯ ಕುಟ್ಟಾಣಿಯಿಂದ ಹಗುರಾಗಿ ತಟ್ಟಿ ಕೂರಿಸಿ, ಗ್ರೀಸು ತುಂಬಿ, ಇಡ್ಲಿ ತಟ್ಟೆಯ ಕೊನೆಯ ಗುಳಿಯಿಂದ ಹಿಂದಕ್ಕೆ ಬರುತ್ತ ಶನಿವಾರ ಸಂಜೆಗೆ ಎಲ್ಲವನ್ನೂ ಜೋಡಿಸಿದೆ. ಬ್ಯಾಟರಿ ಹಾಕಿ ಗುಂಡಿ ಒತ್ತಿದೆ. ದೀಪ ಹತ್ತಿತು. ಪೆಡಲು ತಿರುಗಿಸಿದರೆ ಸದ್ದೇ ಇಲ್ಲ. ಹ್ಯಾಂಡಲಿನ ಮೇಲಿನ ಪುಟ್ಟ ಪರದೆಯಲ್ಲಿ, ಓಡಿದ ದೂರ ತೋರಿಸುವ ಕಡೆ ಸೊನ್ನೆ ಬಂದಿತ್ತು. ಬ್ಯಾಟರಿ ತೆಗೆದು ಹಾಕಿದರೆ ಅದುವರೆಗಿನ ಪಾಪವೆಲ್ಲ ಅಳಿಸಿಹೋಗುತ್ತದೆ ಎಂದುಕೊಂಡೆ. ಪ್ರಾಯಶ್ಚಿತ್ತ ಇಷ್ಟು ಸಲೀಸೆಂದು ತಿಳಿದಿದ್ದರೆ ಮೊದಲೇ ಮಾಡುತ್ತಿದ್ದೆ. ಆ ಸಂಜೆ ನಾನು ಖುಷಿಯಾಗಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಆದಿತ್ಯವಾರ ಹತ್ತು ಗಂಟೆಗೆ ನಿಶಾಂತ ರಿಕ್ಷಾದಿಂದ ಇಳಿದ. ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದ. ಇಪ್ಪತ್ತೊಂಬತ್ತರ ಹರೆಯದವನಿಗೆ ನನ್ನ ನಡಿಗೆ ಬಂದಿತ್ತು. ಸುಮತಿ ಕಾಫಿ ತಂದಳು, ಅವನು "ಬೇಡ ಅತ್ತೆ, ಈಗ ಕುಡ್ದೆ" ಎಂದ. ಎರಡು ವರ್ಷ ನಾನು ಕಾಯ್ದಿಟ್ಟ ಕಾಫಿ ಅಲ್ಲಿಗೆ ತಣ್ಣಗಾಯಿತು.

ಅವನು ಸೈಕಲಿನ ಹಿಂದಿನ ಚಕ್ರವನ್ನು ಎತ್ತಿ, ಪೆಡಲು ತಿರುಗಿಸಿ, ಕಿವಿಗೊಟ್ಟು ಕೇಳಿದ. ಯಂತ್ರವನ್ನು ಮೊದಲು ಕೇಳಬೇಕು, ಆಮೇಲೆ ನೋಡಬೇಕು ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ಏಳುವಾಗ ಅವನ ಕಣ್ಣು ಕಂಪೌಂಡಿನ ಗೋಡೆಯ ಮೇಲೆ ಹೋಯಿತು. ಅಲ್ಲಿ ಸುಮತಿ ತೊಳೆದು ಬಿಸಿಲಿಗಿಟ್ಟ ಇಡ್ಲಿ ತಟ್ಟೆ ಇತ್ತು. ಗುಳಿಗಳ ತಳದಲ್ಲಿ ಗ್ರೀಸಿನ ಕಪ್ಪು ಹಾಗೆಯೇ ಉಳಿದಿತ್ತು.

"ಬಿಚ್ಚಿದ್ರಾ?" ಎಂದ. ಎರಡು ವರ್ಷದ ನಂತರದ ಮೊದಲ ಮಾತು.

"ಸುಮ್ಮನೆ ಸ್ವಲ್ಪ ಗ್ರೀಸ್ ಹಾಕಿದೆ. ನಿಂತೇ ಇತ್ತಲ್ಲ, ಹಾಗೆ."

"ನಿಂತೇ ಇತ್ತಾ?"

ಅವನು ಹ್ಯಾಂಡಲಿನ ಗುಂಡಿಯೊಂದನ್ನು ಒತ್ತಿ ಹಿಡಿದ. ನಾನು ಎರಡು ವರ್ಷದಲ್ಲಿ ಒಮ್ಮೆಯೂ ಹಾಗೆ ಹಿಡಿದಿರಲಿಲ್ಲ. ಸೊನ್ನೆ ಹೋಗಿ ದೊಡ್ಡದೊಂದು ಸಂಖ್ಯೆ ಬಂತು. ಬ್ಯಾಟರಿ ತೆಗೆದಾಗ ಅಳಿಸಿಹೋದದ್ದು ಕೊನೆಯ ಸವಾರಿಯ ಲೆಕ್ಕ ಮಾತ್ರ. ಹುಟ್ಟಿದಂದಿನಿಂದ ಓಡಿದ್ದನ್ನೆಲ್ಲ ಮೋಟಾರು ತನ್ನ ಹೊಟ್ಟೆಯೊಳಗೆ ಬರೆದಿಟ್ಟುಕೊಂಡಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿದ್ದೆ, ಅಕ್ಕಿಯಲ್ಲಿ ಮಲಗಿಸಿದ್ದೆ. ಅದು ನನ್ನ ಬಗ್ಗೆ ಏನು ಬರೆದಿದೆಯೆಂದು ಗೊತ್ತಾಗಲಿಲ್ಲ.

"ತಂಬಿಲದ ದಿನ ನಾನು ಬಿಡುವಾಗ ಮೂರು ಸಾವಿರದ ನೂರು ಇತ್ತು," ಎಂದ ನಿಶಾಂತ. "ಈಗ ಐದು ಸಾವಿರದ ಮುನ್ನೂರು ಉಂಟು."

ನಾನು ಗ್ರೀಸಿನ ಕೈಯನ್ನು ಪಂಚೆಗೆ ಒರೆಸಿಕೊಂಡೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೊಂದು ಹಿಡಿಕೆ ಸಿಗುತ್ತಿತ್ತು, ನಾನೂ ದನಿ ಏರಿಸಬಹುದಿತ್ತು. ಅವನು ಕೇಳಿದ್ದು ಇಷ್ಟೇ, ಬಹಳ ಮೆತ್ತಗೆ:

"ಇಲ್ಲಿಂದ ಫಳ್ನೀರಿಗೆ ಎಷ್ಟು ಕಿಲೋಮೀಟರ್ ಮಾಮ?"

"ನಾಲ್ಕು," ಎಂದೆ. ಪರೀಕ್ಷೆಯಲ್ಲಿ ಅದೊಂದೇ ಉತ್ತರ ಗೊತ್ತಿದ್ದವನಂತೆ, ಕೂಡಲೇ.

ಹೇಳಬಹುದಿತ್ತು. ಆ ಎರಡು ಸಾವಿರದ ಇನ್ನೂರರಲ್ಲಿ ಎಂಟು ಕಿಲೋಮೀಟರು ನಿನ್ನ ಆಸ್ಪತ್ರೆಯದು, ಗೇಟಿನ ತನಕ ಬಂದಿದ್ದೆ, ಹ್ಯಾಂಡಲಿನಲ್ಲಿ ಮೂಸಂಬಿ ಇತ್ತು ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಯಾರು ನಂಬುತ್ತಾರೆ? ಮೋಟಾರು ಎಷ್ಟು ದೂರವೆಂದು ಬರೆಯುತ್ತದೆ, ಯಾವ ಗೇಟಿನಿಂದ ಹಿಂದೆ ತಿರುಗಿದನೆಂದು ಬರೆಯುವುದಿಲ್ಲ. ನಂಬಿದರೆ ಇನ್ನೂ ಕಷ್ಟ. ಬಾರದವನಿಗಿಂತ ಗೇಟಿನ ತನಕ ಬಂದು ತಿರುಗಿದವನು ದೊಡ್ಡ ಹೇಡಿ.

ನಿಶಾಂತ ಸೈಕಲು ಹತ್ತಿದ. ಆ ಕಾಲಿನಲ್ಲಿ ಹತ್ತಲು ಮೂರು ಸಲ ಪ್ರಯತ್ನಿಸಬೇಕಾಯಿತು. ಹಿಡಿದುಕೊಳ್ಳಲೆಂದು ನಾನು ಎರಡು ಹೆಜ್ಜೆ ಮುಂದೆ ಹೋದೆ, ಅಷ್ಟರಲ್ಲಿ ಹತ್ತಿಯಾಗಿತ್ತು. "ಮೋಟಾರ್ ಒಳ್ಳೆದಾಗಿದೆ" ಎಂದು ಹೇಳಿ ಹೊರಟ. ಗೇಟು ದಾಟಿ ಮರೆಯಾದ. ಒಂದಿಷ್ಟೂ ಸದ್ದಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆ. ಹಳೆಯ ಕರಕರ ಇದ್ದಿದ್ದರೆ ಯಾವ ತಿರುವಿನವರೆಗೆ ಹೋದನೆಂದಾದರೂ ತಿಳಿಯುತ್ತಿತ್ತು.

ಇದಾಗಿ ಮೂರು ವಾರ. ಈಗ ಬೆಳಿಗ್ಗೆ ಫಳ್ನೀರಿನ ದಿಕ್ಕಿಗೆ ನಡೆಯುತ್ತೇನೆ. ಮಂಡಿಗಳು ಇಪ್ಪತ್ತು ಹೆಜ್ಜೆಗೊಮ್ಮೆ ಅರ್ಜಿ ಹಾಕುತ್ತವೆ, ನಾನು ತಿರಸ್ಕರಿಸುತ್ತೇನೆ. ಸುಮತಿ ಗೇಟಿನಲ್ಲಿ ನಿಂತು, "ಫಳ್ನೀರಿಗೆ ಬಸ್ಸು ಉಂಟಲ್ಲ ಮಾರಾಯ್ರೆ, ಹತ್ತು ನಿಮಿಷ" ಎನ್ನುತ್ತಾಳೆ. ಬಸ್ಸಿದೆ ನಿಜ. ಆದರೆ ಹತ್ತು ನಿಮಿಷದಲ್ಲಿ ಬಾಗಿಲು ತಟ್ಟಿದರೆ ನನ್ನ ಬಾಯಲ್ಲಿ ಇನ್ನೂ ಯಜಮಾನನೇ ಇರುತ್ತಾನೆ. ಆ ಯಜಮಾನ ಸುಸ್ತಾಗಿ ದಾರಿಯಲ್ಲೆಲ್ಲಾದರೂ ಕುಳಿತುಬಿಟ್ಟರೆ, ಉಳಿದ ಮಾವ ಹೋಗಿ ಮಾತಾಡಿಯಾನು. ಇದೂ ಒಂದು ನೆಪವೇ ಇರಬಹುದು, ಗೇಟಿನಿಂದ ತಿರುಗಿದವನ ಮಾತನ್ನು ಪೂರ್ತಿ ನಂಬಬೇಡಿ.

ಇವತ್ತು ನಂತೂರಿನವರೆಗೆ ಹೋಗಿ ಬಂದೆ. ಸುಮಾರು ಅರ್ಧ ದಾರಿ. ಇದನ್ನು ಬರೆದಿಟ್ಟುಕೊಳ್ಳುವ ಯಂತ್ರ ಈಗ ನನ್ನ ಬಳಿ ಇಲ್ಲ, ಅದಕ್ಕೇ ನಿಮಗೆ ಹೇಳಿದೆ.